ಕತ್ತಿ ಕುಡವಾದ ದಿನ

"ಅತ್ತಿ, ಆ ಕೌದಿ ಕೆಳಗ ಇಡ್ರಿ! ಮಂದಿ ನೋಡಿದ್ರ ಸೊಸೆಂದ್ರು ಮುದುಕೀನ್ನ ಹೊರಗ ಹಾಕ್ಯಾರ ಅಂತಾರ್ರಿ!"

ಹಿರಿಸೊಸೆ ರೇಣವ್ವ ಸೆರಗು ಹಿಡಿದು ಅಂಗಲಾಚುತ್ತಿದ್ದಳು. ಶೆಟ್ಟೆವ್ವ ಕೇಳಬೇಕಲ್ಲ! ಕಂಕುಳಲ್ಲಿ ಕೌದಿ, ಕೈಯಲ್ಲಿ ಹಿತ್ತಾಳೆ ಚರಿಗೆ. ಹೊಸ್ತಿಲು ದಾಟಿದವಳೇ ಅಂಗಳದ ಬೇವಿನ ಮರದ ಬುಡಕ್ಕೆ ಹೋಗಿ ಕುಳಿತೇಬಿಟ್ಟಳು. ಗದ್ದಲ ಕೇಳಿ ಆಚೆ ಬಾಗಿಲಿನಿಂದ ಕಿರಿಸೊಸೆ ಮಾರ್ತವ್ವನೂ ಓಡಿ ಬಂದಳು.

"ಅತ್ತೀರಿ, ಅಕ್ಕನ ಮನಿ ಬ್ಯಾಡಾದ್ರ ನಮ್ಮ ಮನಿಗೆ ಬರ್ರಿ..."

"ಅಕ್ಕನ ಮನಿ ಯಾವ್ದು, ನಿನ್ನ ಮನಿ ಯಾವ್ದು? ನಾ ಹಡದವರಿಗೆ ಒಂದ ಮನಿ ಇತ್ತವಾ! ಅದು ಎಲ್ಲಿ ಐತಿ ತೋರಸು, ಎದ್ದು ಬರ್ತೇನಿ. ಇಬ್ಬರೂ ಕೂಡಿ ಒಂದ ಕಬ್ಬಿಣ ಬಡಿಯೂ ತನಕ ನಾ ಯಾರ ಹೊಸ್ತಿಲಾನೂ ತುಳಿಯೂದಿಲ್ಲ!"

ಮುದುಕಿ ಕೂತದ್ದು ಸುಮ್ಮನೆ ಮರದ ಬುಡದಲ್ಲಲ್ಲ, ಕಾಸಿದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಪಕ್ಕದಲ್ಲಿ. ಹೂವಿನ ಹಿಪ್ಪರಗಿಯ ಆ ಕಂಬಾರರ ಮನೆ ಒಡೆದದ್ದೇ ಆ ಅಡಿಗಲ್ಲಿನಿಂದ. ಗಂಡ ಮಾಳಿಂಗಪ್ಪ ಬದುಕಿದ್ದಾಗಲೇ ಮನೆಮಂದಿಯೆಲ್ಲ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿದ್ದರು. ಅದಕ್ಕೂ ಮೊದಲು ಹುಟ್ಟಿದ ಮಗ ಚಂದ್ರಾಮ, ಆಮೇಲೆ ಹುಟ್ಟಿದವನು ಸಮುವೇಲ. ಹೆಸರು ಬೇರೆ ಬೇರೆಯಾದರೂ ಕುಲುಮೆಯ ಮುಂದೆ ನಿಂತರೆ ಇಬ್ಬರ ಸುತ್ತಿಗೆಯೂ ಒಬ್ಬನದೇ ಎಂಬಂತೆ ಬೀಳುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವನು ಕಬ್ಬಿಣ ಬಡಿಯುತ್ತಿದ್ದ ಅಡಿಗಲ್ಲು ಯಾರ ಪಾಲಿಗೆ ಎಂದು ಮಾತು ಬೆಳೆಯಿತು. ಸಿಟ್ಟಿನ ಭರದಲ್ಲಿ ಚಂದ್ರಾಮ ಗೋಡೆಗೆ ತೂಗುಹಾಕಿದ್ದ ಅಜ್ಜನ ಕತ್ತಿ ಹಿರಿದು ತಮ್ಮನ ಮೇಲೆ ಎತ್ತಿದ! ತಾಯಿ ನಡುವೆ ಬಿದ್ದಳು. ಕತ್ತಿ ಬಾಗಿಲ ಚೌಕಟ್ಟಿಗೆ ತಾಗಿತು. ಆ ಕಚ್ಚು ಈಗಲೂ ಹಾಗೇ ಇದೆ.

ಅಂದೇ ಸಮುವೇಲ ಮನೆಯ ನಡುವೆ ಗೋಡೆ ಎಬ್ಬಿಸಲು ಶುರುಮಾಡಿದ. ತಾಯಿ ಓಡಾಡಲೆಂದು ಅದರಲ್ಲಿ ಒಂದು ಬಾಗಿಲು ಇಟ್ಟ. ಅಣ್ಣ ಬರದಿರಲೆಂದು ತನ್ನ ಕಡೆಯಿಂದ ಅದಕ್ಕೆ ಕಬ್ಬಿಣದ ಅಗಳಿ ಬಡಿದ. ಕುಲುಮೆಯೂ ಎರಡಾಯಿತು. ಅಡಿಗಲ್ಲು ಮಾತ್ರ ಯಾರಿಗೂ ಸೇರದೆ ಬೇವಿನ ಕೆಳಗೆ ಉಳಿಯಿತು. ಶೆಟ್ಟೆವ್ವನ ಹಾಡೂ ಆ ದಿನವೇ ನಿಂತಿತು. ಆರಾಧನೆಗೆ ಹೋಗುತ್ತಿದ್ದಳು, ಕೂರುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಮಕ್ಕಳನ್ನೇ ಕೂಡಿಸಲಾರದ ತನ್ನ ಪ್ರಾರ್ಥನೆ ದೇವರಿಗೆ ಮುಟ್ಟುವುದಿಲ್ಲವೆಂದು ಆ ಜೀವ ಒಳಗೊಳಗೇ ಬತ್ತಿಹೋಗಿತ್ತು.

ಹೀಗಿರುವಾಗ, ಅಂದು ಬೆಳಿಗ್ಗೆ ಭಾನುವಾರದ ಆರಾಧನೆಯಲ್ಲಿ ವಿಜಾಪುರದಿಂದ ಬಂದ ಪಾದ್ರಿಗಳು ಯೆಶಾಯ ಪ್ರವಾದಿಯ ಮಾತನ್ನು ವಿವರಿಸಿದರು. ದೇವರು ಜನರ ನಡುವೆ ನ್ಯಾಯ ತೀರಿಸುವ ದಿನ ಬರುತ್ತದೆ, ಆಗ ಕತ್ತಿಗಳನ್ನು ಬಡಿದು ನೇಗಿಲಿನ ಕುಡ ಮಾಡುತ್ತಾರೆ, ಯಾರೂ ಯಾರ ಮೇಲೂ ಕತ್ತಿ ಎತ್ತುವುದಿಲ್ಲ ಎಂದರು. ಶೆಟ್ಟೆವ್ವ ನಡುವೆಯೇ ಎದ್ದು ನಿಂತಳು!

"ತಡೀರಿ ಪಾದ್ರಿಗಳ! ಕತ್ತಿ ಬಡದು ಕುಡ ಮಾಡೂದು ಕಂಬಾರರ ಕೆಲಸ ಅಲ್ಲೇನ್ರಿ?"

"ಹೌದವ್ವಾ, ಅವರದೇ."

"ಹಂಗಾದ್ರ ಪ್ರವಾದಿ ನಮ್ಮ ಮನೀಗೇ ಹೇಳಿ ಕಳಿಸ್ಯಾನ್ರೀ!"

ಪಾದ್ರಿಗಳು ನಕ್ಕು, ಅದು ಕಡೇ ದಿನಗಳ ಮಾತೆಂದು ತಿಳಿಹೇಳಿದರು.

"ಇರವಲ್ದ್ಯಾಕ್ರಿ. ಕುಲುಮಿ ಕಾಯಾಕ ಹೊತ್ತು ಹಿಡಿತೈತಿ. ಬೆಂಕಿ ಈಗ ಹಚ್ಚಬೇಕು."

ಮನೆಗೆ ಬಂದವಳೇ ಹಿರಿಯ ಮಗನನ್ನು ಕತ್ತಿ ಕೇಳಿದಳು. ಚಂದ್ರಾಮನ ಮುಖ ಕಪ್ಪಿಟ್ಟಿತು. ಆ ಕತ್ತಿಗೆ ಎಣ್ಣೆ ಒರೆಸದೆ ಅವನು ಹಬ್ಬ ಮಾಡಿದವನಲ್ಲ. "ಅಜ್ಜನ ಕೈಯಾಗಿಂದು ಅದೊಂದ ಉಳದೈತಿ, ಕೇಳಬ್ಯಾಡವ್ವಾ" ಎಂದ. ಆ ಮಾತಿಗೇ ಮುದುಕಿ ಕೌದಿ ಎತ್ತಿಕೊಂಡು ಹೊರಬಿದ್ದದ್ದು.

ಅಂದಿನಿಂದ ಅಂಗಳವೇ ಅವಳ ಮನೆಯಾಯಿತು. ಸೊಸೆಯರು ರೊಟ್ಟಿ ತಂದರೆ ಇಬ್ಬರದೂ ಅರ್ಧರ್ಧ ಮುರಿದು ತಿನ್ನುತ್ತಿದ್ದಳು. ಹೆಚ್ಚು ಕೊಡಲು ಬಂದವಳಿಗೆ ಬೈಗುಳ! ಬಿತ್ತನೆ ಹತ್ತಿರ ಬಂದ ಹೊತ್ತು ಬೇರೆ. ನೆರೆಯ ರೈತ ನಬಿಸಾಬ ಬಾಗಿದ ಕುಡ ಹಿಡಿದುಕೊಂಡು ಬಂದವನು ಮುದುಕಿಯನ್ನು ನೋಡಿ ದಂಗಾದ.

"ಯಾಕಬೇ ಶೆಟ್ಟೆವ್ವಾ, ಗಿಡದ ಕೆಳಗ?"

"ಮಕ್ಕಳು ಭಾಳ ದೊಡ್ಡವರಾಗ್ಯಾರಪಾ. ಒಳಗ ಜಾಗಾ ಸಾಲವಲ್ದು."

ನಬಿಸಾಬನಿಗೆ ಎಲ್ಲ ತಿಳಿಯಿತು. ಅಣ್ಣತಮ್ಮ ಇಬ್ಬರಿಗೂ ಕೇಳುವಂತೆ ದನಿ ಎತ್ತಿ ಹೇಳಿದ: "ನಿಮ್ಮಪ್ಪ ಬಡದ ಕುಡ ಕಲ್ಲಿಗೆ ಬಡದ್ರೂ ಬಾಗತಿರಲಿಲ್ಲ. ಈಗ ಇವನ ಕಡೆ ಮಾಡಿಸಿದ್ದೂ ಬಾಗತೈತಿ, ಅವನ ಕಡೆ ಮಾಡಿಸಿದ್ದೂ ಬಾಗತೈತಿ. ನಾ ಬಾಗೇವಾಡಿ ಕಂಬಾರನ ಕಡೆ ಹೊಂಟೆ!"

ಅಷ್ಟರಲ್ಲಿ ಗಾಳಿ ಎದ್ದು ಮೊದಲ ಮಳೆ ಸುರಿಯತೊಡಗಿತು. ನಬಿಸಾಬ ಓಡಿ ಕಟ್ಟೆ ಹತ್ತಿದ. ಶೆಟ್ಟೆವ್ವ ಮಾತ್ರ ಕದಲಲಿಲ್ಲ! ಚಂದ್ರಾಮ ಗೋಣಿಚೀಲದ ಕೊಪ್ಪೆ ಹಿಡಿದು ಓಡಿ ಬಂದ.

"ಯವ್ವಾ, ಏಳ! ನಾ ಹೊಡೀಲಿಲ್ಲಲ್ಲ... ಎತ್ತಿದ್ದು ಅಷ್ಟ..."

"ಎತ್ತಿದ್ದಕ್ಕನ ನಾ ಅಳಾಕತ್ತೇನೋ ಚಂದ್ರಾಮಾ! ತಮ್ಮ ಅಂಬೆಗಾಲು ಇಡೂ ಮುಂದ ಕುಲುಮಿ ಕಿಡಿ ತಾಗೀತು ಅಂತ ಎದಿಗೆ ಅವಚಿಕೊಂಡಾಂವ ನೀನ... ಅದ ಕೈಲೆ ಎತ್ತಿದಿ. ದೇವರ ಮಾತು ಖರೆ ಆಗತೈತೋ ಇಲ್ಲೋ, ಅದನ್ನ ನೋಡಾಕ ನನಗ ದೊಡ್ಡ ರಾಜರ ಯುದ್ಧ ನಿಲ್ಲೂದು ಬೇಕಿಲ್ಲಪಾ. ನನ್ನ ಅಂಗಳದಾಗ ಒಂದ ಕತ್ತಿ ಕುಡ ಆದ್ರ ಸಾಕು. ಉಳಿದದ್ದೂ ಆಗತೈತಿ ಅಂತ ನಂಬಿ ಕಣ್ಣು ಮುಚ್ಚತೇನಿ."

ಚಂದ್ರಾಮನ ಕೈಯಿಂದ ಕೊಪ್ಪೆ ಜಾರಿತು. ಆ ಗಟ್ಟಿ ಆಳು ತಾಯಿಯ ಕಾಲಮೇಲೆ ತಲೆಯಿಟ್ಟು ಮಗುವಿನಂತೆ ಬಿಕ್ಕಿದ. ಆಮೇಲೆ ಎದ್ದು ಒಳಗೆ ಹೋಗಿ ಕತ್ತಿ ತಂದ. ತಮ್ಮನ ಕುಲುಮೆಯ ಮುಂದೆ ನೆಲದ ಮೇಲೆ ಇಟ್ಟು ನಿಂತ.

"ತಮ್ಮಾ, ಇದನ್ನ ಕಾಸು. ಒಬ್ಬನ ಕೈಲೆ ಆಗೂದಿಲ್ಲ... ನಾ ಸಮ್ಮಟಿಗೆ ಹಿಡಿತೇನಿ."

ಸಮುವೇಲ ಕತ್ತಿ ನೋಡಿದ, ಅಣ್ಣನನ್ನು ನೋಡಿದ. ಕತ್ತಿಯನ್ನು ಕೈಯಲ್ಲಿ ತೂಗಿ ಕೊನೆಗೆ ಕಂಬಾರನ ಮಾತೇ ಆಡಿದ.

"ತೆಳ್ಳಗೈತೋ ಅಣ್ಣಾ. ಇದೊಂದರಾಗ ಕುಡ ಆಗೂದಿಲ್ಲ. ಇನ್ನಷ್ಟು ಕಬ್ಬಿಣ ಬೇಕು."

ಶೆಟ್ಟೆವ್ವ ಮರದ ಬುಡದಿಂದಲೇ ಕತ್ತು ಚಾಚಿ ನೋಡಿದಳು. ಇದೂ ಮುರಿದುಬಿತ್ತೇ, ದೇವರೇ! ಸಮುವೇಲ ಒಳಗೆ ಹೋದ. ಧಡ್ ಧಡ್ ಎಂದು ಬಡಿಯುವ ಸದ್ದು ಬಂತು. ತಿರುಗಿ ಬಂದವನ ಕೈಯಲ್ಲಿ ನಡುಬಾಗಿಲಿನ ಅಗಳಿ ಇತ್ತು!

"ಇದನ್ನೂ ಹಾಕೂಣು. ತಪ್ಪು ನಂದೂ ಐತಿ. ಅವ್ವ ಎಷ್ಟು ಸಲ ಆ ಬಾಗಿಲಾ ತಟ್ಟಿದಳೋ... ಕೇಳಿನೂ ತೆರೀಲಿಲ್ಲ ನಾನು."

ಮಳೆ ನಿಂತ ಮೇಲೆ ಅಣ್ಣತಮ್ಮಂದಿರು ಅಡಿಗಲ್ಲು ಹೊತ್ತು ಕುಲುಮೆಯ ಮುಂದೆ ಹೂಡಿದರು. ಬೆಂಕಿಗೆ ಗಾಳಿ ಊದುವ ತಿದಿ ಒತ್ತಲು ಸೊಸೆಯರು ಬಂದರೆ ಶೆಟ್ಟೆವ್ವ ಇಬ್ಬರನ್ನೂ ಗದರಿಸಿ ತಾನೇ ಕುಳಿತಳು. ಕತ್ತಿ ಕೆಂಪಾಯಿತು, ಮಡಚಿಕೊಂಡಿತು, ಅಗಳಿಯೊಂದಿಗೆ ಬೆಸೆಯಿತು. ಸಮುವೇಲ ಇಕ್ಕಳ ಹಿಡಿದು ಸುತ್ತಿಗೆಯಿಂದ ಜಾಗ ತೋರಿಸಿದಲ್ಲಿ ಚಂದ್ರಾಮನ ಸಮ್ಮಟಿಗೆ ಬೀಳುತ್ತಿತ್ತು. ಹಳೆಯ ಲಯ ಅದು, ಮರೆತಿರಲಿಲ್ಲ! ಆ ಬಡಿತದ ನಡುವೆ ಮತ್ತೊಂದು ದನಿ ಕೇಳಿ ರೇಣವ್ವ ಮಾರ್ತವ್ವನ ಕೈ ಹಿಡಿದುಕೊಂಡಳು. ಅತ್ತೆ ಹಾಡುತ್ತಿದ್ದಳು. ದನಿ ನಡುಗುತ್ತಿತ್ತು, ಕಣ್ಣೀರು ಗಲ್ಲದ ಮಸಿಯ ಮೇಲೆ ಇಳಿಯುತ್ತಿತ್ತು, ಆದರೂ ಹಾಡುತ್ತಿದ್ದಳು.

ಹೊಸ ಕುಡ ನಬಿಸಾಬನ ಹೊಲಕ್ಕೆ ಹೋಯಿತು. "ಇದು ಬಾಗೂದಿಲ್ಲ ಬಿಡಬೇ" ಎಂದ ಅವನು. ಶೆಟ್ಟೆವ್ವ ಕೌದಿ ಕೊಡವಿ ಎದ್ದಳು.

"ಹಸದೇನಿ. ರೊಟ್ಟಿ ಎಲ್ಲಿ ಬಿಸಿ ಅದಾವ?"

"ನಮ್ಮಲ್ಲಿ!" ಎಂದರು ಸೊಸೆಯರಿಬ್ಬರೂ ಒಟ್ಟಿಗೆ. ಮುದುಕಿ ನಕ್ಕು ಇಬ್ಬರ ಹೆಗಲಿಗೂ ಕೈಹಾಕಿ ಒಳಗೆ ನಡೆದಳು.

ಅಗಳಿ ಇಲ್ಲದ ನಡುಬಾಗಿಲು ಗಾಳಿ ಬೀಸಿದಾಗಲೆಲ್ಲ ಬಡಿದುಕೊಳ್ಳತೊಡಗಿತು. ಅತ್ತೆಯ ನಿದ್ದೆ ಕೆಡುತ್ತದೆಂದು ಮಾರ್ತವ್ವ ಹೊಸ ಅಗಳಿಯ ಮಾತೆತ್ತಿದಳು.

"ಬ್ಯಾಡವಾ, ಬಡೀಲಿ" ಎಂದಳು ಶೆಟ್ಟೆವ್ವ, ಕೌದಿಯನ್ನು ಗದ್ದದವರೆಗೆ ಎಳೆದುಕೊಳ್ಳುತ್ತ. "ಬಾಗಿಲಾ ತೆರದೈತಿ ಅಂತ ಅದು ಹೇಳಾಕತ್ತೈತಿ. ಅದನ್ನ ಕೇಳಿದ್ರನ ನನಗ ನಿದ್ದಿ ಬರ್ತೈತಿ."