ಒಂದು ಸಲ ಮೂಸಿ ಹೇಳ್ರಿ

"ಇದನ್ನೊಂದು ಸಲ ಮೂಸಿ ಹೇಳ್ರಿ."

ಮುಖಪರಿಚಯವೂ ಇಲ್ಲದ ಗಂಡಸೊಬ್ಬ ಮಾವಿನ ಹಣ್ಣನ್ನು ಮೂಗಿನ ಹತ್ತಿರ ಹಿಡಿದಾಗ ಗೀತಾಂಜಲಿ ಈಳಿಗೆಮಣೆಯ ಮೇಲೆ ಕೂತು ಮಾವಿನಕಾಯಿ ಹೆಚ್ಚುತ್ತಿದ್ದಳು. ಅವಳ ಕೈಯಲ್ಲಿ ಚಾಕು ಇರಲಿಲ್ಲ, ಅದು ಅವನ ಅದೃಷ್ಟ.

"ಯಾಕ್ರಿ, ನಿಮ್ಮ ಮೂಗಿಗೆ ಏನಾಗೈತಿ?"

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ತೊಲಗಿದರೆ ಸಾಕೆಂದು ಅವಳು ಮೂಸಿದಳು.

"ಇದು ಇವತ್ತಿಗೆ ಬ್ಯಾಡ. ತೊಟ್ಟಿನ ಕಡಿ ಇನ್ನೂ ಹಸಿ ಐತಿ."

"ಆತ್ರಿ," ಎಂದವನು ಹಣ್ಣನ್ನು ಪಕ್ಕದ ಬುಟ್ಟಿಗೆ ಹಾಕಿ ಇನ್ನೊಂದನ್ನು ತಂದ.

'ಎಷ್ಟು ಸೊಕ್ಕು ಈತನಿಗೆ...' ಎಂದುಕೊಂಡಳು. ಆದರೂ ಎರಡನೆಯದನ್ನು ಮೂಸಿದಳು. ಮೂರನೆಯದನ್ನೂ.

ಅದು ಕೊಟ್ಟೂರಿನ ಒಂದು ಮದುವೆ ಮನೆಯ ಹಿತ್ತಿಲು. ಅಡುಗೆ ತಂಡ ಗೀತಾಂಜಲಿಯ ಚಿಗವ್ವ ಪಂಪಮ್ಮನದು. ಚಿತ್ರಾನ್ನ, ಪಪ್ಪು, ತೊಕ್ಕು, ಹೀಗೆ ಉಪ್ಪು ಖಾರದ್ದೆಲ್ಲ ಗೀತಾಂಜಲಿಯ ಪಾಲು. ಸಿಹಿ ಮಾಡುತ್ತಿದ್ದ ಹಿರಿಯರು ಮಂಡಿನೋವೆಂದು ಮನೆಯಲ್ಲಿ ಕೂತಿದ್ದರಿಂದ ಮಾವಿನ ಕಾಲ ಮುಗಿಯುವವರೆಗೆ ಇಟ್ಟಿಗಿಯ ಈ ಗವಿಸಿದ್ದೇಶನನ್ನು ಕರೆಸಿದ್ದರು. ಅವನ ಸೀಕರಣೆ, ಹೋಳಿಗೆಗೆ ಹಡಗಲಿ ಕಡೆ ಒಳ್ಳೆಯ ಹೆಸರಿತ್ತು.

ಪಂಪಮ್ಮನ ತಂಡದಲ್ಲಿ ಒಂದು ಕಟ್ಟುನಿಟ್ಟು. ಊಟಕ್ಕೆ ಬರುವ ಸ್ವಾಮಿಗಳಿಗೆ ಎಡೆ ನೀಡುವ ತನಕ ಅಡುಗೆಯ ಒಂದು ಹನಿಯನ್ನೂ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು, ಹುಳಿ, ಪಾಕ ಎಲ್ಲವೂ ಕಣ್ಣಳತೆ ಮತ್ತು ಮೂಗಿನ ಮೇಲೆ ನಡೆಯಬೇಕು. ರುಚಿ ನೋಡಿದವರು ಸಿಕ್ಕಿಬಿದ್ದರೆ ಅವತ್ತಿಗೆ ಅವರ ಪಾಲಿಗೆ ಪಾತ್ರೆ ತಿಕ್ಕುವ ಕೆಲಸ.

ಗವಿಸಿದ್ದೇಶ ಪ್ರತಿ ಕಾರ್ಯದಲ್ಲೂ ಬಂದು ಕೇಳತೊಡಗಿದ. ಹೂರಣ ಕುದಿವಾಗ ಒಮ್ಮೆ, ತುಪ್ಪ ಕಾಯಿಸುವಾಗ ಒಮ್ಮೆ. ಅವಳು ಎದ್ದು ಹೋಗಿ ಬಗ್ಗಿ ಮೂಸಿ ಹೇಳುತ್ತಿದ್ದಳು. ಅವನು ಮರುಮಾತಿಲ್ಲದೆ ಹಾಗೆಯೇ ಮಾಡುತ್ತಿದ್ದ. ತನ್ನ ಮಾತನ್ನು ಇಷ್ಟು ನಂಬುವ ಗಂಡಸನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ಕೆಲವು ದಿನಗಳಲ್ಲಿ ಅವನು ಕೇಳದಿದ್ದರೆ ಅವಳಿಗೇ ಕೆಲಸದಲ್ಲಿ ಕೈ ಓಡುತ್ತಿರಲಿಲ್ಲ. ಒಗ್ಗರಣೆ ಹಾಕುತ್ತಲೇ ಕಿವಿ ಆ ಕಡೆಗಿರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಹಡಗಲಿ ಮಲ್ಲಿಗೆಯ ದಂಡೆಯನ್ನು ಇಡೀ ಜಡೆಗೆ ಸುತ್ತಿಕೊಂಡು ಬಂದಳು. ಪಾತ್ರೆ ಹೊರುವ ಹುಲುಗಣ್ಣ ಕೂಡ "ಏನವ್ವ, ಘಮಘಮ ಅಂತೈತಿ," ಎಂದ. ಅವಳು ಬೇಕೆಂದೇ ಗವಿಸಿದ್ದೇಶನ ಪಕ್ಕದಲ್ಲಿ ಹೋಗಿ ನಿಂತಳು.

ಅವನು ಒಮ್ಮೆ ನೋಡಿದ. ಮತ್ತೆ ಕೊಪ್ಪರಿಗೆಗೆ ಬಗ್ಗಿದ.

"ಯಾಲಕ್ಕಿ ಸಾಕೇನ್ರಿ?"

ಅಷ್ಟೇ. ಮಲ್ಲಿಗೆ ನಾಡಿನವನಿಗೆ ಮಲ್ಲಿಗೆಯ ಬಗ್ಗೆ ಒಂದು ಮಾತಿಲ್ಲ! ಅವಳಿಗೆ ಅಳು ಬಂತು. ಈರುಳ್ಳಿ ಹೆಚ್ಚುವ ಕಡೆ ಹೋಗಿ ಕೂತಳು, ಅಲ್ಲಿ ಯಾರೂ ಕಾರಣ ಕೇಳುವುದಿಲ್ಲ.

ಪಕ್ಕದಲ್ಲಿದ್ದ ಸಂಗೀತಾ ತಂಡದಲ್ಲಿ ಹೋಳಿಗೆ ತಟ್ಟುವವಳು. ಊರ ಉಸಾಬರಿಯೆಲ್ಲ ಅವಳಿಗೆ ಬೇಕು.

"ಅಕ್ಕಾ, ನಿನಗ ತಿಳಿವಲ್ದೇನು? ಅವರು ನಿನ್ನ ಹದ ಎಲ್ಲಾ ಕಲ್ತಕಂತಾರ. ಮುಂದಿನ ವರ್ಷ ಖಾರ, ಸಿಹಿ ಎರಡೂ ಅವರದ ಆಗ್ತೈತಿ. ನೀನು ನೋಡ್ಕೋತ ಕುಂದ್ರು."

ಗೀತಾಂಜಲಿಗೆ ಎಲ್ಲವೂ ತಾಳೆಯಾದಂತೆ ಕಂಡಿತು. ಬೇಕಾಗಿದ್ದುದು ತನ್ನ ವಿದ್ಯೆ, ತಾನಲ್ಲ...

ಅವತ್ತಿನಿಂದ ಅವಳು ಮೂಸುವುದನ್ನು ಬಿಟ್ಟಳು. "ನಿಮ್ಮ ಕೆಲಸ ನೀವು ಮಾಡ್ಕೊಳ್ರಿ," ಎಂದಳು. ಅವನ ಮುಖ ಸಪ್ಪಗಾಯಿತು. ಅದನ್ನು ನೋಡಿ ತನಗೆ ಸಂತೋಷವಾಗಬೇಕೆಂದು ಕಾದಳು. ಆಗಲಿಲ್ಲ.

ಆ ಮಾವಿನ ಕಾಲದ ಕೊನೆಯ ಅಡುಗೆ ಕೋಗಳಿಯಲ್ಲಿ, ಏಕಾಂತಪ್ಪನವರ ಮನೆಯಲ್ಲಿ. ಚೊಚ್ಚಲ ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ ಕುಬಸ ಮಾಡುವ ದಿನ. ಮಗಳ ಬಯಕೆಯಂತೆ ಎಲೆಯ ತುಂಬ ಮಾವಿನ ಅಡುಗೆಯೇ ಇರಬೇಕಿತ್ತು. ಇದು ಮುಗಿದರೆ ಗವಿಸಿದ್ದೇಶ ತನ್ನೂರಿಗೆ, ಅವಳು ತನ್ನ ಮನೆಗೆ. ಹಾಗೇ ಹೋಗಿಬಿಡುತ್ತಾನೆ ಎಂಬ ಯೋಚನೆಗೆ ಅವಳ ಎದೆ ಭಾರವಾಗಿತ್ತು. ಆದರೂ ತಾನಾಗಿ ಮಾತಾಡಿಸಲಾರಳು.

ಸೀಕರಣೆಯ ರಸ ಎರಡು ಕೊಳಗಗಳಲ್ಲಿತ್ತು. ಒಂದು ಬೆಳಿಗ್ಗೆ ಹಿಂಡಿದ್ದು, ಇನ್ನೊಂದು ಹಿಂದಿನ ಸಂಜೆಯದು. ಹಳೆಯದರ ಮುಚ್ಚಳ ತೆಗೆದ ಕೂಡಲೆ ದೂರದಲ್ಲಿದ್ದ ಗೀತಾಂಜಲಿಗೆ ಹುಳಿತ ವಾಸನೆ ಬಡಿಯಿತು. ಸೆಕೆಗೆ ರಸ ಕೆಟ್ಟಿತ್ತು.

ಗವಿಸಿದ್ದೇಶ ಅದರ ಮೇಲೆಯೇ ಬಗ್ಗಿದ್ದ. ಮುಖ ಕಿವುಚಲಿಲ್ಲ. ನಿಶ್ಚಿಂತೆಯಿಂದ ಕೊಳಗವನ್ನೆತ್ತಿ ಒಳ್ಳೆಯ ರಸಕ್ಕೆ ಸುರಿಯಲು ಹೊರಟ.

ಅವಳು ಓಡಿಹೋಗಿ ಅವನ ಕೈ ಹಿಡಿದಳು.

"ಸುರೀಬ್ಯಾಡ್ರಿ, ಕೆಟ್ಟೈತಿ ಅದು." ಆಮೇಲೆ ದನಿ ತಗ್ಗಿಸಿದಳು. "ನಿಮಗ ವಾಸನಿ ಬರಲಿಲ್ಲೇನು?"

ಅವನು ಕಣ್ಣು ಕೆಳಗೆ ಹಾಕಿದ. ಅವಳಿಗೆ ಎಲ್ಲವೂ ಒಂದೇ ಗಳಿಗೆಯಲ್ಲಿ ಅರ್ಥವಾಯಿತು.

ಅಷ್ಟರಲ್ಲಿ ಏಕಾಂತಪ್ಪನವರು ಚಪ್ಪರಕ್ಕೆ ಬಂದರು. "ಏನಾತವ್ವ? ಸೀಕರಣಿ ಆತೇನು?"

ನಿಜ ಹೇಳಿದರೆ ಇವನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

"ಆಗಾಕತ್ತೈತ್ರಿ. ಹೋಳಿಗಿಗೆ ಸೀಕರಣಿ ಒಂದ ಸಾಲದು, ಗುಳಂಬನೂ ಇರ್ಲಿ ಅಂತ ಮಾತಾಡ್ತಿದ್ವಿ. ಬಸುರಿ ಹೆಣ್ಮಗಳು, ಹುಳಿ ಸಿಹಿ ಎರಡೂ ಬೇಕನಸ್ತೈತಿ."

"ಬೇಷಾತು ನೋಡು," ಎಂದು ಅವರು ಹೊರಟುಹೋದರು.

ಹುಲುಗಣ್ಣ ಕೆಟ್ಟ ರಸವನ್ನು ಹಿತ್ತಿಲಾಚೆ ಚೆಲ್ಲಿಬಂದ. ಚಿತ್ರಾನ್ನಕ್ಕೆಂದು ತುರಿದಿಟ್ಟ ಮಾವಿನಕಾಯಿಯಲ್ಲಿ ಅರ್ಧ ತೆಗೆದು ಗೀತಾಂಜಲಿ ಗುಳಂಬಕ್ಕೆಂದು ಬೆಲ್ಲದ ಪಾಕಕ್ಕೆ ಹಾಕಿದಳು. ಗವಿಸಿದ್ದೇಶ ಮಗುಚಿದ. ಕಾಯಿ ಬೆಂದು ಪಾಕ ಹಿಡಿದಾಗ ಅವಳೇ ಮುಂದೆ ಬಂದು ಮೂಸಿ, "ಇಳಸ್ರಿ," ಎಂದಳು. ಚಿತ್ರಾನ್ನಕ್ಕೆ ಹುಳಿ ಸಾಲದೆ ನಿಂಬೆಹಣ್ಣು ಹಿಂಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಬಸುರಿಯಂತೂ ಗುಳಂಬವನ್ನು ಕೇಳಿ ಕೇಳಿ ಹಾಕಿಸಿಕೊಂಡಳು.

ಊಟದ ಪಂಕ್ತಿ ಎದ್ದ ಮೇಲೆ ಇಬ್ಬರೂ ನೀರಿನ ತೊಟ್ಟಿಯ ಹತ್ತಿರ ಸಿಕ್ಕರು.

"ಯಾವಾಗಿಂದ?" ಅವಳು ಕೇಳಿದಳು.

"ಕೊರೊನಾ ಜ್ವರ ಬಂದಿತ್ತಲ್ರಿ, ಅವತ್ತಿಂದ. ಜ್ವರ ಹೋತು, ವಾಸನಿ ತಿರುಗಿ ಬರಲಿಲ್ಲ. ಮೊದ್ಲಿದ್ದ ತಂಡದಾಗ ಇದ್ದಂಗ ಹೇಳಿದೆ. ಮರುದಿನಾನ ಬ್ಯಾಡಪ್ಪ ಅಂದ್ರು."

"ನನಗರ ಹೇಳಬಾರ್ದಿತ್ತೇನು?"

"ಹೇಳಿದ್ರ ನೀವೂ ಬ್ಯಾಡ ಅಂತೀರಿ ಅಂತ ಹೆದ್ರಿಕಿ. ಕೆಲಸಕ್ಕಲ್ಲರಿ... ನೀವು ಮಲ್ಲಿಗಿ ಮುಡಕೊಂಡು ಬಂದಿದ್ರಿ. ನೋಡಿದೆ. ಕಣ್ಣು ಕೀಳಾಕ ಆಗಲಿಲ್ಲ. ಆದ್ರ ಘಮ ಅಂತೈತಿ ಅಂದಿದ್ರ ಸುಳ್ಳಾಗ್ತಿತ್ತು. ನಿಮ್ಮ ಮುಂದ ಸುಳ್ಳಾಡಬಾರ್ದು ಅಂತ ಸುಮ್ನಾದೆ."

ಗೀತಾಂಜಲಿಯ ಕಣ್ಣು ತುಂಬಿತು. ಇಷ್ಟು ದಿನ ಈ ಮನುಷ್ಯನ ಮೇಲೆ ಹಲ್ಲು ಮಸೆದದ್ದು ನೆನೆದು ನಾಚಿಕೆಯಾಯಿತು.

"ಚಿಗವ್ವಗ ಇವತ್ತ ಹೇಳ್ರಿ."

"ಕಳಿಸಿಬಿಟ್ರ?"

"ನನ್ನನ್ನೂ ಕಳಿಸ್ಬೇಕಾಗ್ತೈತಿ. ಆಕಿಗೆ ಖಾರದವರು ಬ್ಯಾರೆ ಯಾರೂ ಇಲ್ಲ."

ಅವನು ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದ.

"ಒಂದು ಮಾತು," ಎಂದಳು. "ನನ್ನ ಹತ್ರ ಬರ್ತಿದ್ದುದು ಮೂಗಿಗಷ್ಟೇನು?"

"ಮೊದ್ಲು ಮೂಗಿಗೇ ಬಂದೆ. ಆಮ್ಯಾಲೆ... ಹೊಸಹಳ್ಳಿ ಮದುವಿಯಾಗ ಒಂದು ಹಿಡಿ ಸಕ್ಕರಿ ತಂದು ಮೂಸಿ ಹೇಳ್ರಿ ಅಂದಿದ್ದೆ, ನೆನಪೈತೇನ್ರಿ?"

"ಐತಿ."

"ಸಕ್ಕರಿಗೆ ವಾಸನಿ ಎಲ್ಲೈತ್ರಿ? ಅವತ್ತು ಕೇಳಾಕ ಬ್ಯಾರೆ ಏನೂ ಸಿಗಲಿಲ್ಲ. ನೀವು ಪಾಪ ನಂಬಿ, ಮೂಸಿ, ಚಲೋ ಐತಿ ಅಂದ್ರಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಸಕ್ಕರಿಗೆ ವಾಸನಿ ಇಲ್ಲ ಅಂತ ನನಗೂ ಗೊತ್ತಿತ್ರಿ."