ಪಂಕಜಮ್ಮನವರ ಆರ್ಗನ್ನಿನ ಕಪ್ಪು ದಾರ

“ಆ ಕರಿ ದಾರ ಒಂದು ಬಿಚ್ಬೇಡಿ ಸಾರ್,” ಎಂದಳು ಮುನಿಯಕ್ಕ. “ಅಮ್ಮಾವ್ರ ಹಾಡು ಕೇಳಿ ಯಾರೋ ಹೊಟ್ಟೆ ಉರ್ಕೊಂಡು ಈ ದಾರ ಕಟ್ಸಿ ಬಾಯಿಕಟ್ಟು ಮಾಟ ಮಾಡ್ಸಿದ್ರು. ಇಪ್ಪತ್ತು ವರ್ಷ ಆಯ್ತು, ಮಾತಿಲ್ಲ. ಬಿಚ್ಚಿದೋರ ಗಂಟಲು ಹೋಗುತ್ತಂತೆ.”

ಜಯನಗರದ ಆ ಮನೆಯಲ್ಲಿ ಕೆಲಸ ಮಾಡುತ್ತಲೇ ಮುದುಕಿಯಾದವಳು ಮುನಿಯಕ್ಕ. ಕಾಲಿನಿಂದ ತುಳಿದು ನುಡಿಸುವ ಹಳೆಯ ಆರ್ಗನ್. ನಡುವಿನ ಒಂದು ಬಿಳಿ ಕೀಯನ್ನು ಮಾತ್ರ ಒತ್ತಲಾಗದಂತೆ ಕಪ್ಪು ದಾರದಿಂದ ಬಿಗಿದಿದ್ದರು.

ಆರ್ಗನ್ ಕೊಳ್ಳಲು ಬಂದಿದ್ದ ಸುಶ್ರುತ ನಕ್ಕ. “ಇದು ಎರಡು ಸಾವಿರದ ಮೂರನೇ ಇಸವಿ ಅಕ್ಕ. ಅಮ್ಮಾವ್ರನ್ನ ಒಳ್ಳೇ ಡಾಕ್ಟರಿಗೆ ತೋರ್ಸಿ.”

ಕುರ್ಚಿಯಲ್ಲಿದ್ದ ಪಂಕಜಮ್ಮ, ಆರ್ಗನ್ ಟೆಂಪೋ ಗಾಡಿಗೆ ಏರುವವರೆಗೂ ಅವನ ಗಂಟಲನ್ನೇ ನೋಡುತ್ತಿದ್ದರು.

ಪದ್ಮನಾಭನಗರದಲ್ಲಿ ಅವನ ಬಾಡಿಗೆ ಕೋಣೆ. ಹೊರಗಿನ ಸದ್ದು ಬರದಿರಲೆಂದು ಕಿಟಕಿಗೆ ಕಂಬಳಿ. ತಾನೇ ಬರೆದು, ನುಡಿಸಿ, ಹಾಡುವ ಆಲ್ಬಮ್. ಅದಕ್ಕಾಗಿ ನೌಕರಿಯನ್ನೂ ಬಿಟ್ಟಿದ್ದ. ಎಂಟು ಹಾಡಿಗೆ ಆ ಕೀ ಬೇಕಾಗಲಿಲ್ಲ. ಕೊನೆಯ ಹಾಡಿಗೆ ಬೇಕಾಯಿತು.

ಗೆಳೆಯ ಸೀನುವಿಗೆ ಫೋನ್ ಮಾಡಿದ. “ಮಗಾ, ದೆವ್ವದ ದಾರ ಕಟ್ ಮಾಡ್ತಿದೀನಿ, ಕೇಳಿಸ್ಕೋ.” ಬ್ಲೇಡು ಎಳೆದ. ದಾರದಡಿ ಮಡಿಸಿಟ್ಟ ತಾಮ್ರದ ತಗಡು. ಅದರ ಮೇಲೆ ಗೀಚಿದ ಅಕ್ಷರ. “ಗುರು, ಸಖತ್ ಗಿಟಾರ್ ಪಿಕ್ ಆಗುತ್ತೆ ಇದು!” ಎಂದು ಕತ್ತರಿಯಿಂದ ಅದನ್ನು ಮೂರು ಮೂಲೆಯಾಗಿ ಕತ್ತರಿಸಿಕೊಂಡ.

ಫೋನಿಟ್ಟು ಆರ್ಗನ್ ತುಳಿದ. ಒಳಗಿನ ತಿದಿ ನಿಟ್ಟುಸಿರಿಟ್ಟಿತು. ಸುಟ್ಟ ಕೂದಲಿನ ವಾಸನೆ. ಆ ಕೀ ಒತ್ತಿದ. ಸ್ವರ ಬರಲಿಲ್ಲ. ಯಾರೋ ಉಸಿರು ಒಳಗೆಳೆದುಕೊಂಡಂತಾಯಿತು. ಹಾಡಲು ಬಾಯಿ ತೆರೆದ. ಗಾಳಿ ಬಂತು. ಕೂಗಿದ. ಗಾಳಿಯೇ. ಆಗಲೇ ರೆಕಾರ್ಡ್ ಮಾಡಿದ್ದ ಎಂಟು ಹಾಡು ಹಾಕಿದ. ಆರ್ಗನ್ ಇತ್ತು. ಅವನ ದನಿಯಿರಲಿಲ್ಲ. ಒಂದರಲ್ಲೂ ಇರಲಿಲ್ಲ.

ಸ್ಕೂಟರಿನಲ್ಲಿ ಜಯನಗರಕ್ಕೆ ಓಡಿದ. ಬಾಗಿಲು ತೆರೆದ ಮುನಿಯಕ್ಕ ಅವನ ಮುಖ ನೋಡಿದ್ದೇ ಸೆರಗು ಬಾಯಿಗೊತ್ತಿಕೊಂಡಳು. “ಹೇಳಿದ್ನಲ್ಲಾ ಸಾರ್...”

ಒಳಗಿನಿಂದ ಹಾಡು ಕೇಳುತ್ತಿತ್ತು. ಅವನದೇ ದನಿ. ಅವನು ಹೆಮ್ಮೆಪಡುತ್ತಿದ್ದ ಅದೇ ಒಡಕು, ಅದೇ ಎಳೆತ. ಕುರ್ಚಿಯಲ್ಲಿ ಪಂಕಜಮ್ಮ ಹಾಡು ನಿಲ್ಲಿಸಿ, ಕಹಿ ಔಷಧ ಕುಡಿದವರಂತೆ ಮುಖ ಹಿಂಡಿದರು.

“ಬಂದೋರೆಲ್ಲ ದಾರಕ್ಕೆ ಹೆದರ್ಕೊಂಡು ಓಡ್ಹೋದ್ರು. ನಗೋನೊಬ್ಬ ಬರ್ಲಿ ಅಂತ ಕಾಯ್ತಿದ್ದೆ,” ಎಂದರು ಸುಶ್ರುತನ ದನಿಯಲ್ಲಿ. “ಇಪ್ಪತ್ತು ವರ್ಷ ಕಾದು ಸಿಕ್ಕಿದ್ದು ಇದಾ? ಶ್ರುತಿನೇ ನಿಲ್ಲಲ್ವಲ್ಲೋ! ಈ ಗಂಟಲು ಇಟ್ಕೊಂಡು ಆಲ್ಬಮ್ ಬೇರೆ!”

ಬೇಡಿಕೊಳ್ಳಲು ಅವನು ಬಾಯಿ ತೆರೆದ.

“ಬಾಗ್ಲು ಹಾಕು ಮುನಿಯಕ್ಕ,” ಎಂದಿತು ಅವನ ದನಿ.