ಇಪ್ಪತ್ತನೆಯ ಹಾಜರಿ

ನಮ್ಮ ನರ್ಸಿಂಗ್ ತರಬೇತಿ ಕಾಲೇಜಿನಲ್ಲಿ ಇಪ್ಪತ್ತು ಜನ ಇಲ್ಲದಿದ್ದರೆ ತರಗತಿಯನ್ನೇ ಮುಚ್ಚುತ್ತಾರೆ. ಅದಕ್ಕೇ, ಅಪಘಾತದಲ್ಲಿ ತೀರಿಕೊಂಡ ಹುಡುಗಿಗೂ ದಿನಾ ಹಾಜರಿ ಹಾಕಿ ಎಂದರು ಪ್ರಿನ್ಸಿಪಾಲರು. ಮೈಯೆಲ್ಲ ಉರಿದುಹೋಯಿತು. ಆದರೂ ಹಾಕಿದೆ.

ಸೋಮವಾರ ಬೆಳಿಗ್ಗೆ ನಾಡಿ ಎಣಿಸುವ ಪಾಠ. "ಇಬ್ಬಿಬ್ಬರು ಜೋಡಿಯಾಗ್ರಮ್ಮ" ಎಂದೆ. ಹತ್ತೊಂಬತ್ತು ಜನರಲ್ಲಿ ಒಬ್ಬಳು ಉಳಿಯಬೇಕಿತ್ತು. ಅವಳ ಜೊತೆ ನಾನೇ ಕೂರೋಣ ಎಂದು ಕಾದೆ. ಯಾರೂ ಉಳಿಯಲಿಲ್ಲ.

ಕೊನೆಗೆ, ಜೊತೆಯವಳ ಹೆಸರು, ನಾಡಿ ಬರೆದ ಇಪ್ಪತ್ತು ಹಾಳೆ ಬಂದವು. ಒಂದರ ಮೇಲೆ ಸತ್ತವಳ ಹೆಸರಿತ್ತು. ಕೆಳಗೆ, "ಕೈ ತುಂಬಾ ತಣ್ಣಗಿದೆ. ನಾಡಿ ಸಿಗಲಿಲ್ಲ." ಬರೆದವರು ಯಾರೆಂದು ಕೇಳಿದರೆ ಹುಡುಗಿಯರು ಮುಖ ಮುಖ ನೋಡಿಕೊಂಡರು.

ಹಾಳೆಗಳನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಕುಕ್ಕಿದೆ. ಅವರು ಎಣಿಸಿದರು, ಓದಲಿಲ್ಲ.

"ಇಪ್ಪತ್ತೂ ಇದ್ಯಲ್ಲ ಮೇಡಂ, ಇನ್ನೇನು ನಿಮ್ಮ ತಕರಾರು?" ಎಂದು ಸಹಿ ಹಾಕಿದರು.